ದೀಪ, ಗಾಜು, ರೇಡಿಯೇಟರ್: ದಾರಿಯಲ್ಲಿ ಜೋಪಾನ!

ಮಕ್ಕಳೇ, ನಿಮ್ಮ ಊರು ಹೆದ್ದಾರಿಯ ಪಕ್ಕದಲ್ಲಿದ್ದರೆ ಈ ದೃಶ್ಯವನ್ನು ನೀವು ನೋಡಿರಬಹುದು. ಒಂದರ ಹಿಂದೆ ಒಂದರಂತೆ ನಾಲ್ಕೈದು ವಿಚಿತ್ರ ವಾಹನಗಳು ಬರುತ್ತವೆ. ಅವಕ್ಕೆ ಚಕ್ರಗಳಿವೆ, ಎಂಜಿನ್ ಇದೆ, ಸ್ಟೀರಿಂಗ್ ಇದೆ. ಆದರೆ ಬಾಗಿಲಿಲ್ಲ, ಕಿಟಕಿಯಿಲ್ಲ, ಚಾವಣಿಯೂ ಇಲ್ಲ. ಚಾಲಕ ತಲೆಗೆ ಹೆಲ್ಮೆಟ್ ಹಾಕಿಕೊಂಡು, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಬಯಲಿನಲ್ಲಿ ಕುಳಿತಂತೆ ಕುಳಿತಿರುತ್ತಾನೆ. ಬಟ್ಟೆ ತೊಡದ ಬಸ್ಸಿನಂತೆ ಕಾಣುವ ಇದಕ್ಕೆ 'ಚಾಸಿಸ್' ಎಂದು ಹೆಸರು.

ಚಾಸಿಸ್ ತಯಾರಿಸುವುದು ಒಂದು ಕಾರ್ಖಾನೆ. ಅದರ ಮೇಲೆ ಬಾಡಿ ಕಟ್ಟುವುದು ಇನ್ನೊಂದು ಕಡೆ. ಉದಾಹರಣೆಗೆ ನಮ್ಮ ರಾಜ್ಯದ ಗಡಿಗೆ ಅಂಟಿಕೊಂಡಿರುವ ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಇದೆ. ಇಂಥ ಕಾರ್ಖಾನೆಗಳಿಂದ ಬಂದ ಚಾಸಿಸ್‌ಗಳಿಗೆ ಬೆಂಗಳೂರಿನ ಕೆಂಗೇರಿ ಮತ್ತು ಹಾಸನದ ಸಾರಿಗೆ ನಿಗಮದ ಕಾರ್ಯಾಗಾರಗಳಲ್ಲಿ ಬಸ್ಸಿನ ಬಾಡಿ ಕಟ್ಟಿದ್ದಾರೆ. ನೀವು ಕುಳಿತು ಬರುವ ಬಸ್ಸೂ ಒಂದು ದಿನ ಹೀಗೆ ಮೈಯಿಲ್ಲದೆ ಓಡಿ ಬಂದದ್ದಿರಬಹುದು!

ಈಗ ಒಂದು ಪ್ರಶ್ನೆ. ಈ ಬೋಳು ವಾಹನದಲ್ಲಿ ತೆಳುವಾದ ರೇಡಿಯೇಟರ್ ಇದೆ. ಸೂಕ್ಷ್ಮವಾದ ಮೀಟರುಗಳಿವೆ. ನೂರಾರು ತಂತಿಗಳ ತುದಿಗಳು ಹೊರಗೇ ಇವೆ. ಮಳೆ, ದೂಳು, ಕಲ್ಲು, ಹಳ್ಳಕೊಳ್ಳಗಳನ್ನು ದಾಟಿ ಇವೆಲ್ಲ ಕೆಡದೆ ಹೇಗೆ ಊರು ಸೇರುತ್ತವೆ? ಬನ್ನಿ, ಇದರ ಹಿಂದಿನ ವಿಜ್ಞಾನವನ್ನು ತಿಳಿಯೋಣ.

ಇಬ್ಬರು ಸೇರಿ ಒಂದು ಕಾರು

ಇಂದು ಒಂದು ಕಾರನ್ನು ಸಾಮಾನ್ಯವಾಗಿ ಒಂದೇ ಕಾರ್ಖಾನೆಯಲ್ಲಿ ಜೋಡಿಸುತ್ತಾರೆ. ಮೊದಲು ಹಾಗಿರಲಿಲ್ಲ. ಕಾರು ಬರುವ ಮುಂಚೆ ಶ್ರೀಮಂತರು ಕುದುರೆ ಸಾರೋಟಿನಲ್ಲಿ ಓಡಾಡುತ್ತಿದ್ದರು. ಸಾರೋಟು ಕಟ್ಟುವ ಕುಶಲಕರ್ಮಿಗಳಿಗೆ ಇಂಗ್ಲೆಂಡಿನಲ್ಲಿ 'ಕೋಚ್‌ಬಿಲ್ಡರ್' ಎಂದು ಹೆಸರು. ಕಾರು ಬಂದ ಮೇಲೆ ಅವರು ಅದೇ ಕೈಚಳಕದಿಂದ ಕಾರಿನ ಬಾಡಿ ಕಟ್ಟತೊಡಗಿದರು.

ಪ್ರಸಿದ್ಧ ರೋಲ್ಸ್ ರಾಯ್ಸ್ ಕಂಪನಿಯನ್ನೇ ನೋಡಿ. 1908ರಲ್ಲಿ ಅದರ ಕಾರ್ಖಾನೆ ಇಂಗ್ಲೆಂಡಿನ ಡರ್ಬಿ ಎಂಬ ಊರಿನಲ್ಲಿ ಆರಂಭವಾಯಿತು. ಎರಡನೇ ಮಹಾಯುದ್ಧದವರೆಗೂ ಅಲ್ಲಿ ತಯಾರಾಗುತ್ತಿದ್ದುದು ಎಂಜಿನ್, ಚಕ್ರ, ರೇಡಿಯೇಟರ್ ಇರುವ ಚಾಸಿಸ್ ಮಾತ್ರ. ಕೊಂಡವರು ಅದನ್ನು ಲಂಡನ್ನಿನ ಬಾರ್ಕರ್, ಹೂಪರ್ ಮುಂತಾದ ಕೋಚ್‌ಬಿಲ್ಡರುಗಳಿಗೆ ಕಳುಹಿಸಿ ತಮಗೆ ಬೇಕಾದ ಬಾಡಿ ಕಟ್ಟಿಸಿಕೊಳ್ಳುತ್ತಿದ್ದರು. ಡರ್ಬಿಯಿಂದ ಲಂಡನ್ನಿಗೆ ಸುಮಾರು 200 ಕಿಲೋಮೀಟರ್. ಮೈಸೂರಿನ ಅರಮನೆಗೂ ರೋಲ್ಸ್ ರಾಯ್ಸ್ ಕಾರುಗಳು ಬಂದಿದ್ದವು. ಸಮುದ್ರ ದಾಟಿ ಅಷ್ಟು ದೂರ ಬರುವ ಮೊದಲೇ ಇಂಥ ಕಾರಿನ ಭಾಗಗಳು ಒಂದು ಪ್ರಯಾಣ ಮುಗಿಸಿರುತ್ತಿದ್ದವು!

ಈ ಪ್ರಯಾಣದಲ್ಲಿ ಎಲ್ಲಕ್ಕಿಂತ ನಾಜೂಕಾದದ್ದು ರೇಡಿಯೇಟರ್. ಎಂಜಿನ್ನಿನ ಬಿಸಿಯನ್ನು ಹೊತ್ತು ತರುವ ನೀರು ಅದರೊಳಗೆ ಹರಿದು ತಣ್ಣಗಾಗುತ್ತದೆ. ಬಿಸಿ ಬೇಗ ಗಾಳಿಗೆ ಹೋಗಲೆಂದು ಅದನ್ನು ಬಹಳ ತೆಳುವಾದ ಲೋಹದಿಂದ ಮಾಡುತ್ತಾರೆ. ತೆಳುವಾಗಿರುವುದೇ ಅದರ ಗುಣ, ಅದೇ ಅದರ ದೌರ್ಬಲ್ಯ. ಒಂದು ಕಲ್ಲು ಸಿಡಿದು ತೂತಾದರೆ ನೀರೆಲ್ಲ ಸೋರಿ ಎಂಜಿನ್ ಕೆಡುತ್ತದೆ.

ನಿಮಗಿದು ಗೊತ್ತೆ? ಹಳೆಯ ರೋಲ್ಸ್ ರಾಯ್ಸ್ ಕಾರುಗಳ ರೇಡಿಯೇಟರಿನ ಹೊಳೆಯುವ ಹೊರಕವಚ 'ಜರ್ಮನ್ ಸಿಲ್ವರ್'ನದು. ನಿಮ್ಮ ಅಜ್ಜಿಯ ಬಾಯಲ್ಲೂ ಈ ಹೆಸರು ಕೇಳಿರುತ್ತೀರಿ. ಅದರಲ್ಲಿ ಬೆಳ್ಳಿ ಚೂರೂ ಇಲ್ಲ! ಅದು ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಲೋಹ. ಉಜ್ಜಿ ಹೊಳಪು ಕೊಟ್ಟ ಅದರ ಮೈ ಮೇಲೆ ಒಂದು ಗೀರು ಬಿದ್ದರೂ ದೂರದಿಂದ ಕಾಣುತ್ತದೆ.

ಮೊದಲ ಶತ್ರು: ಹೊಡೆತ

ದಾರಿಯಲ್ಲಿ ನಾಜೂಕಾದ ವಸ್ತುವಿಗೆ ಹಲವು ಶತ್ರುಗಳು. ಮೊದಲನೆಯದು ಹೊಡೆತ. ಪೆಟ್ಟಿಗೆ ಕೈತಪ್ಪಿ ಬೀಳಬಹುದು. ಲಾರಿ ಗುಂಡಿಗೆ ಇಳಿದು ಧಡಕ್ಕೆಂದು ಏಳಬಹುದು.

ಮಾಡಿ ನೋಡಿ: ಎರಡು ಉದ್ದನೆಯ ಸೀಮೆಸುಣ್ಣದ ಕಡ್ಡಿ ತೆಗೆದುಕೊಳ್ಳಿ. ಒಂದನ್ನು ಮೇಜಿನ ಎತ್ತರದಿಂದ ಗಟ್ಟಿ ನೆಲದ ಮೇಲೆ ಬೀಳಿಸಿ. ಇನ್ನೊಂದನ್ನು ಅದೇ ಎತ್ತರದಿಂದ ನಾಲ್ಕಾರು ಮಡಿಕೆ ಮಾಡಿದ ಕಂಬಳಿಯ ಮೇಲೆ ಬೀಳಿಸಿ. ಯಾವುದು ಮುರಿಯಿತು?

ಎರಡೂ ಕಡ್ಡಿಗಳು ಬಿದ್ದ ಎತ್ತರ ಒಂದೇ. ಆದ್ದರಿಂದ ತಳ ಮುಟ್ಟುವಾಗಿನ ವೇಗವೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ನಿಲ್ಲುವ ರೀತಿಯಲ್ಲಿದೆ. ಗಟ್ಟಿ ನೆಲದ ಮೇಲೆ ಕಡ್ಡಿ ಥಟ್ಟನೆ ನಿಲ್ಲುತ್ತದೆ. ಕಂಬಳಿಯ ಮೇಲೆ ಸ್ವಲ್ಪ ಒಳಗೆ ಇಳಿದು, ನಿಧಾನವಾಗಿ ನಿಲ್ಲುತ್ತದೆ.

ಒಂದು ಸರಳ ಲೆಕ್ಕ ಮಾಡೋಣ. ಒಂದು ಕಿಲೋಗ್ರಾಂ ತೂಕದ ಕಾರಿನ ದೀಪ 80 ಸೆಂಟಿಮೀಟರ್ ಎತ್ತರದಿಂದ ಬಿತ್ತು ಎನ್ನಿ. ಗಟ್ಟಿ ನೆಲದ ಮೇಲೆ ಅದು 2 ಮಿಲಿಮೀಟರ್ ದೂರದಲ್ಲಿ ನಿಂತಿತು. 80 ಸೆಂಟಿಮೀಟರ್ ಎಂದರೆ 800 ಮಿಲಿಮೀಟರ್. ಅದನ್ನು 2ರಿಂದ ಭಾಗಿಸಿದರೆ 400. ಅಂದರೆ ದೀಪದ ಮೇಲೆ ಅದರ ತೂಕದ ಸುಮಾರು 400 ಪಟ್ಟು ಬಲ ಬಿತ್ತು. ಆ ಕ್ಷಣದಲ್ಲಿ 400 ಕಿಲೋಗ್ರಾಂ ಹೇರಿದಂತಾಯಿತು!

ಈಗ ಅದೇ ದೀಪ ದಪ್ಪನೆಯ ಮೆತ್ತೆಯ ಮೇಲೆ ಬಿದ್ದು 40 ಮಿಲಿಮೀಟರ್ ಇಳಿದು ನಿಂತಿತು ಎನ್ನಿ. 800ನ್ನು 40ರಿಂದ ಭಾಗಿಸಿ. ಉತ್ತರ 20. ಬಲ 400 ಪಟ್ಟಿನಿಂದ ಸುಮಾರು 20 ಪಟ್ಟಿಗೆ ಇಳಿಯಿತು. ಮೆತ್ತೆ ಮಾಡುವ ಕೆಲಸ ಇಷ್ಟೇ: ನಿಲ್ಲಲು ಹೆಚ್ಚು ದೂರ ಮತ್ತು ಹೆಚ್ಚು ಸಮಯ ಕೊಡುವುದು. ಹಿಂದೆ ಇದಕ್ಕೆ ಒಣಹುಲ್ಲು ಮತ್ತು ಮರ ಹೆರೆದಾಗ ಬರುವ ತೆಳು ಸುರುಳಿಗಳನ್ನು ತುಂಬುತ್ತಿದ್ದರು. ಈಗ ಫೋಮ್, ಥರ್ಮೋಕೋಲ್ ಮತ್ತು ನೀವು ಪಟಪಟನೆ ಒಡೆದು ಆಡುವ ಗಾಳಿಗುಳ್ಳೆಯ ಪ್ಲಾಸ್ಟಿಕ್ ಹಾಳೆ ಬಳಸುತ್ತಾರೆ.

ಎರಡನೆಯ ಶತ್ರು: ಕಂಪನ

ಹೊಡೆತ ಒಂದೇ ಸಲ ಬರುತ್ತದೆ. ಕಂಪನ ಹಾಗಲ್ಲ. ಅದು ದಾರಿಯುದ್ದಕ್ಕೂ ಬಿಡದೆ ಇರುತ್ತದೆ. ಒಂದೊಂದು ನಡುಕವೂ ಚಿಕ್ಕದೇ. ಆದರೆ ಗಂಟೆಗಟ್ಟಲೆ ನಡುಗಿದರೆ ಬೋಲ್ಟುಗಳು ಸಡಿಲವಾಗುತ್ತವೆ. ಒಂದಕ್ಕೊಂದು ತಗುಲಿದ ಭಾಗಗಳು ಘರ್ಷಣೆಯಿಂದ ಸವೆಯುತ್ತವೆ. ಬಣ್ಣ ಬಳಿದ ಎರಡು ತಗಡುಗಳನ್ನು ನಡುವೆ ಏನೂ ಇಡದೆ ಜೋಡಿಸಿ ಕಳುಹಿಸಿದರೆ, ಊರು ಸೇರುವ ಹೊತ್ತಿಗೆ ಒಂದರ ಬಣ್ಣವನ್ನು ಇನ್ನೊಂದು ತಿಂದಿರುತ್ತದೆ.

ಇದಕ್ಕೆ ಉಪಾಯವನ್ನು ನಮ್ಮ ಬಳೆಗಾರರು ಎಂದೋ ಕಂಡುಕೊಂಡಿದ್ದಾರೆ. ಗಾಜಿನ ಬಳೆಗಿಂತ ನಾಜೂಕಾದದ್ದು ಯಾವುದಿದೆ? ಆದರೂ ಬಳೆಗಾರ ಅವನ್ನು ಮಲಾರದಲ್ಲಿ ಪೋಣಿಸಿ ಹೆಗಲ ಮೇಲೆ ಹೊತ್ತು ಊರೂರು ತಿರುಗುತ್ತಿದ್ದ. ಬಳೆಗಳನ್ನು ಬಿಗಿಯಾಗಿ ಒತ್ತೊತ್ತಾಗಿ ಪೋಣಿಸಿದ್ದರಿಂದ ಅವುಗಳ ನಡುವೆ ಅಲ್ಲಾಡಲು ಜಾಗವಿರುತ್ತಿರಲಿಲ್ಲ. ಅಲ್ಲಾಡಲು ಜಾಗವಿದ್ದರೆ ಬಳೆ ವೇಗ ಪಡೆದು ಪಕ್ಕದ ಬಳೆಗೆ ಬಡಿಯುತ್ತದೆ. ಜಾಗವೇ ಇಲ್ಲದಿದ್ದರೆ ವೇಗವಿಲ್ಲ. ವೇಗವಿಲ್ಲದಿದ್ದರೆ ಬಡಿತವಿಲ್ಲ.

ಕಾರಿನ ಭಾಗಗಳಿಗೂ ಇದೇ ನಿಯಮ. ಪ್ರತಿಯೊಂದು ಭಾಗಕ್ಕೂ ಅದರದೇ ಆಕಾರದ ಗೂಡು ಮಾಡಿ, ಅದರಲ್ಲಿ ಅಲುಗದಂತೆ ಕೂರಿಸುತ್ತಾರೆ. ಗೂಡಿನ ಒಳಮೈಗೆ ಉಣ್ಣೆಯ ಬಟ್ಟೆಯನ್ನೋ ರಬ್ಬರನ್ನೋ ಅಂಟಿಸುತ್ತಾರೆ. ಬಿಗಿಯಾಗಿಯೂ ಇರಬೇಕು, ಮೆತ್ತಗೂ ಇರಬೇಕು. ಎರಡೂ ಒಟ್ಟಿಗೆ ಬೇಕು.

ಹಾಗಾದರೆ ಮೆತ್ತೆ ಎಷ್ಟು ಮೆತ್ತಗಿದ್ದರೆ ಅಷ್ಟು ಒಳ್ಳೆಯದೇ? ಅಲ್ಲ!

ಮಾಡಿ ನೋಡಿ: ರಬ್ಬರ್ ಬ್ಯಾಂಡುಗಳನ್ನು ಒಂದಕ್ಕೊಂದು ಗಂಟು ಹಾಕಿ ಒಂದು ಅಡಿ ಉದ್ದ ಮಾಡಿ. ತುದಿಗೆ ಚಿಕ್ಕ ಕಲ್ಲೊಂದನ್ನು ಕಟ್ಟಿ ತೂಗುಬಿಡಿ. ಮುಖದಿಂದ ದೂರ ಹಿಡಿಯಿರಿ. ಮೊದಲು ಕೈಯನ್ನು ಬಹಳ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಕಲ್ಲು ಕೈಯ ಜೊತೆಗೇ ಹೋಗುತ್ತದೆ. ಈಗ ಬಹಳ ಬೇಗ ಬೇಗ ಆಡಿಸಿ. ಕಲ್ಲು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಈಗ ಇವೆರಡರ ನಡುವಿನ ಒಂದು ವೇಗದಲ್ಲಿ ಆಡಿಸಿ. ಕಲ್ಲು ಕುಣಿದು ಕುಪ್ಪಳಿಸುತ್ತದೆ!

ಪ್ರತಿ ಮೆತ್ತೆಗೂ, ಅದರ ಮೇಲಿನ ಭಾರಕ್ಕೂ ಸೇರಿ ಹೀಗೆ ಒಂದು ಸಹಜವಾದ ಕುಣಿತದ ವೇಗ ಇರುತ್ತದೆ. ಲಾರಿಯ ನಡುಕ ಅದಕ್ಕೆ ಸರಿಹೊಂದಿದರೆ ಭಾಗ ಜೋರಾಗಿ ಕುಣಿಯುತ್ತದೆ. ಇದಕ್ಕೆ 'ಅನುನಾದ' ಎನ್ನುತ್ತಾರೆ. ಉಯ್ಯಾಲೆಯನ್ನು ಸರಿಯಾದ ಸಮಯಕ್ಕೆ ನೂಕಿದರೆ ಅದು ಮೇಲೆ ಮೇಲೆ ಹೋಗುವುದಿಲ್ಲವೆ? ಇದೂ ಹಾಗೆಯೇ. ಆದ್ದರಿಂದ ಎಂಜಿನಿಯರುಗಳು ಭಾಗದ ತೂಕ ಮತ್ತು ದಾರಿಯ ನಡುಕ ಎರಡನ್ನೂ ಲೆಕ್ಕ ಹಾಕಿ ಮೆತ್ತೆಯನ್ನು ಆರಿಸುತ್ತಾರೆ. ತುಂಬಿದ ಪೆಟ್ಟಿಗೆಯನ್ನು ನಡುಗುವ ಮೇಜಿನ ಮೇಲೆ ಇಟ್ಟು ಪರೀಕ್ಷೆ ಮಾಡಿದ ಮೇಲೆಯೇ ರಸ್ತೆಗೆ ಬಿಡುವುದೂ ಉಂಟು.

ಗಾಜು ನಿಂತೇ ಪ್ರಯಾಣ ಮಾಡುವುದೇಕೆ?

ಗಾಜಿನ ಅಂಗಡಿಗೆ ಬರುವ ಗಾಡಿಯನ್ನು ಗಮನಿಸಿ. ಗಾಜಿನ ಹಾಳೆಗಳನ್ನು ಅದರಲ್ಲಿ ಮಲಗಿಸಿರುವುದಿಲ್ಲ, ಓರೆಯಾಗಿ ನಿಲ್ಲಿಸಿರುತ್ತಾರೆ. ಬಸ್ಸು, ಕಾರುಗಳ ಮುಂಗಾಜನ್ನು ಬಾಡಿ ಕಟ್ಟುವವರಿಗೆ ಸಾಗಿಸುವಾಗಲೂ ಹೀಗೆಯೇ ನಿಲ್ಲಿಸುತ್ತಾರೆ.

ನಿಮ್ಮ ಪ್ಲಾಸ್ಟಿಕ್ ಅಡಿಪಟ್ಟಿಯನ್ನು ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಮಲಗಿಸಿ. ಮಧ್ಯದಲ್ಲಿ ಬೆರಳಿನಿಂದ ಒತ್ತಿ. ಅದು ಸುಲಭವಾಗಿ ಬಾಗುತ್ತದೆ. ಈಗ ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿ. ಬಾಗುವುದೇ ಇಲ್ಲ! ಗಾಜು ಬಾಗುವುದನ್ನು ಸಹಿಸದು. ಬಾಗಿದಾಗ ಅದರ ಒಂದು ಮುಖ ಹಿಗ್ಗುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಸಣ್ಣ ಬಿರುಕೊಂದು ಇದ್ದರೆ ಅದು ಕ್ಷಣದಲ್ಲಿ ಬೆಳೆದು ಗಾಜು ಒಡೆಯುತ್ತದೆ. ಮಲಗಿಸಿದ ಗಾಜು ಗುಂಡಿ ಬಂದಾಗಲೆಲ್ಲ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ನಿಲ್ಲಿಸಿದ ಗಾಜು ಬಾಗುವುದು ಕಡಿಮೆ. ಅದರ ಅಂಚು ಗಟ್ಟಿ ಲೋಹಕ್ಕೆ ತಾಗದಂತೆ ಕೆಳಗೆ ರಬ್ಬರ್ ಇಡುತ್ತಾರೆ.

ಮೂರನೆಯ ಶತ್ರು: ತೇವ ಮತ್ತು ದೂಳು

ಹೊಡೆತಕ್ಕೆ ಸದ್ದಿದೆ. ತೇವ ಸದ್ದಿಲ್ಲದೆ ಬರುತ್ತದೆ. ತಣ್ಣನೆಯ ನೀರು ತುಂಬಿದ ಲೋಟದ ಹೊರಮೈ ಮೇಲೆ ಹನಿಗಳು ಮೂಡುವುದನ್ನು ನೀವು ನೋಡಿದ್ದೀರಿ. ಗಾಳಿಯಲ್ಲಿನ ನೀರಾವಿ ತಂಪಾದ ಮೈಗೆ ತಗುಲಿ ಹನಿಯಾಗುತ್ತದೆ. ಇದು ಸಾಂದ್ರೀಕರಣ. ಹಡಗಿನಲ್ಲಿ ಬರುವ ಕಂಟೇನರ್ ಹಗಲು ಕಾದು ರಾತ್ರಿ ತಣಿಯುತ್ತದೆ. ಆಗ ಅದರ ಚಾವಣಿಯ ಒಳಮೈ ಬೆವರಿ, ಹನಿಗಳು ಸರಕಿನ ಮೇಲೆ ಬೀಳುತ್ತವೆ. ಕಬ್ಬಿಣಕ್ಕೆ ನೀರು, ಗಾಳಿ ಎರಡೂ ಸಿಕ್ಕರೆ ತುಕ್ಕು ಖಂಡಿತ.

ಆದ್ದರಿಂದ ಬರಿಯ ಲೋಹಕ್ಕೆ ಎಣ್ಣೆ ಅಥವಾ ಗ್ರೀಸ್ ಸವರುತ್ತಾರೆ. ಎಣ್ಣೆಯ ಪದರ ನೀರನ್ನೂ ಗಾಳಿಯನ್ನೂ ದೂರವಿಡುತ್ತದೆ. ತುಕ್ಕು ತಡೆಯುವ ರಾಸಾಯನಿಕ ಸವರಿದ ವಿಶೇಷ ಕಾಗದವೂ ಇದೆ. ಅದರಿಂದ ಹೊರಬರುವ ಆವಿ ಲೋಹದ ಮೇಲೆ ಕಾಣದ ಹೊದಿಕೆಯಾಗುತ್ತದೆ. ಹೊಸ ಚಪ್ಪಲಿ, ಬೂಟುಗಳ ಡಬ್ಬಿಯಲ್ಲಿ ಹರಳು ತುಂಬಿದ ಪುಟ್ಟ ಪೊಟ್ಟಣ ನೋಡಿದ್ದೀರಾ? ಅದು ಸಿಲಿಕಾ ಜೆಲ್. ಅದು ಡಬ್ಬಿಯೊಳಗಿನ ತೇವವನ್ನು ಹೀರುತ್ತದೆ. ಕಾರಿನ ಭಾಗಗಳ ಪೆಟ್ಟಿಗೆಯಲ್ಲೂ ಅದೇ ಕಾವಲುಗಾರ. (ಅದನ್ನು ಬಾಯಿಗೆ ಮಾತ್ರ ಹಾಕಬೇಡಿ!)

ಇನ್ನು ದೂಳು. ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಚಿಮ್ಮಿಸುವ ರಂಧ್ರಗಳು ಕೂದಲೆಳೆಗಿಂತ ಸ್ವಲ್ಪವೇ ದಪ್ಪ. ಒಂದು ಮರಳಿನ ಕಣ ಸಾಕು, ಅದನ್ನು ಮುಚ್ಚಲು. ಅದಕ್ಕೇ ಬಾಯಿ ತೆರೆದ ಪ್ರತಿ ಕೊಳವೆಗೂ ಪ್ಲಾಸ್ಟಿಕ್ ಮುಚ್ಚಳ ಹಾಕುತ್ತಾರೆ. ತಂತಿಗಳ ತುದಿಗಳನ್ನು ಸುತ್ತಿ ಮುಚ್ಚುತ್ತಾರೆ. ಪೆನ್ನಿನ ಮುಚ್ಚಳದಷ್ಟು ಸಣ್ಣ ವಸ್ತು ಲಕ್ಷಾಂತರ ರೂಪಾಯಿಯ ಎಂಜಿನ್ನನ್ನು ಕಾಯುತ್ತದೆ.

ಆಕಾಶದಲ್ಲಿ ಹಾರಿದ ಕಾರಿನ ಮೈ

ಕೋಚ್‌ಬಿಲ್ಡರ್ ಒಂದು ಖಂಡದಲ್ಲಿ, ಕಾರು ತಯಾರಕರು ಇನ್ನೊಂದು ಖಂಡದಲ್ಲಿ ಇದ್ದರೆ? ಇಂಥದ್ದೂ ನಡೆದಿದೆ. ಅಮೆರಿಕದ ಕ್ಯಾಡಿಲಾಕ್ ಕಂಪನಿ ತನ್ನ 'ಅಲಾಂಟೆ' ಎಂಬ ಕಾರಿನ ಬಾಡಿಯನ್ನು ಇಟಲಿಯ ಪಿನಿನ್‌ಫರೀನಾ ಎಂಬ ಪ್ರಸಿದ್ಧ ಕೋಚ್‌ಬಿಲ್ಡರ್ ಕೈಯಲ್ಲಿ ಮಾಡಿಸಿತು. ಪಿನಿನ್‌ಫರೀನಾ 1930ರಲ್ಲಿ ಟ್ಯೂರಿನ್ ನಗರದಲ್ಲಿ ಆರಂಭವಾದ ಸಂಸ್ಥೆ. (2015ರಲ್ಲಿ ಇದನ್ನು ಕೊಳ್ಳಲು ನಮ್ಮ ದೇಶದ ಮಹೀಂದ್ರ ಸಮೂಹ ಒಪ್ಪಂದ ಮಾಡಿಕೊಂಡಿತು.)

ಟ್ಯೂರಿನ್‌ನಿಂದ ಅಮೆರಿಕದ ಡೆಟ್ರಾಯಿಟ್ ನಗರಕ್ಕೆ ಸುಮಾರು 7,000 ಕಿಲೋಮೀಟರ್. ನಡುವೆ ಅಟ್ಲಾಂಟಿಕ್ ಸಾಗರ. ಹಡಗಿನಲ್ಲಿ ಕಳುಹಿಸಿದರೆ ದಿನಗಟ್ಟಲೆ ಉಪ್ಪುಗಾಳಿ, ಅಲೆಗಳ ಹೊಯ್ದಾಟ. ಆದ್ದರಿಂದ ಬಣ್ಣ ಬಳಿದು ಸಿದ್ಧವಾದ ಬಾಡಿಗಳನ್ನು ವಿಶೇಷವಾಗಿ ಸಜ್ಜುಗೊಳಿಸಿದ ಬೋಯಿಂಗ್ 747 ವಿಮಾನಗಳಲ್ಲಿ, ಒಮ್ಮೆಗೆ 56ರಂತೆ ಹಾರಿಸಿಕೊಂಡು ಹೋಗುತ್ತಿದ್ದರು! ಡೆಟ್ರಾಯಿಟ್‌ನಲ್ಲಿ ಅವುಗಳಿಗೆ ಎಂಜಿನ್ ಮತ್ತು ಚಕ್ರಗಳನ್ನು ಜೋಡಿಸುತ್ತಿದ್ದರು.

ವಿಮಾನದಲ್ಲಿ ರಸ್ತೆಯ ಗುಂಡಿಗಳಿಲ್ಲ ನಿಜ. ಆದರೆ ಬೇರೆ ಸವಾಲುಗಳಿವೆ. ಏರುವಾಗ, ಇಳಿಯುವಾಗ ಜಡತ್ವದಿಂದ ಸರಕು ಹಿಂದಕ್ಕೋ ಮುಂದಕ್ಕೋ ಸರಿಯಲು ನೋಡುತ್ತದೆ. ಬಸ್ಸು ಬ್ರೇಕ್ ಹಾಕಿದಾಗ ನೀವು ಮುಂದಕ್ಕೆ ವಾಲುವುದಿಲ್ಲವೆ, ಹಾಗೆ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಹೊರಗಿನ ಉಷ್ಣತೆ ಸೊನ್ನೆಗಿಂತ ಸುಮಾರು 50 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಲ್ಲಿ ತಣಿದ ಲೋಹ ಕೆಳಗಿಳಿದು ಬೆಚ್ಚಗಿನ ತೇವದ ಗಾಳಿಗೆ ಬಂದರೆ ತಣ್ಣೀರಿನ ಲೋಟದಂತೆ ಬೆವರುತ್ತದೆ.

ಈ ವಿಮಾನ ಸಾಗಾಟಕ್ಕೆ ಬಹಳ ಖರ್ಚಾಗುತ್ತಿತ್ತು. 1993ರಲ್ಲಿ ಅಲಾಂಟೆ ಕಾರಿನ ತಯಾರಿಕೆ ನಿಂತಿತು. ಅಷ್ಟರಲ್ಲಿ ಸುಮಾರು 21,000 ಕಾರುಗಳು ತಯಾರಾಗಿದ್ದವು. ಜೋಪಾನ ಮಾಡುವುದು ಒಳ್ಳೆಯದೇ. ಆದರೆ ಜೋಪಾನದ ಖರ್ಚು ವಸ್ತುವಿನ ಬೆಲೆಗೆ ಹೊಂದಬೇಕು ಎಂಬುದೂ ಒಂದು ಪಾಠ.

ತಲುಪಿದ ಮೇಲೂ ಎಚ್ಚರ

ಚಾಸಿಸ್ ಬಾಡಿ ಕಟ್ಟುವವರ ಅಂಗಳಕ್ಕೆ ಬಂತು. ಅಪಾಯ ಮುಗಿಯಿತೇ? ಇಲ್ಲ. ಮೊದಲು ಪಟ್ಟಿ ಹಿಡಿದು ಒಂದೊಂದು ಭಾಗವನ್ನೂ ನೋಡುತ್ತಾರೆ. ಗೀರು, ಬಿರುಕು ಇದ್ದರೆ ಬರೆದಿಟ್ಟು ಆಮೇಲೆ ಸಹಿ ಮಾಡುತ್ತಾರೆ. ಈಗ ನೋಡದೆ ತಿಂಗಳ ಮೇಲೆ ನೋಡಿದರೆ ಒಡೆದವರು ಯಾರು ಎಂದು ತಿಳಿಯುವುದು ಹೇಗೆ?

ಬಾಡಿ ಕಟ್ಟುವಾಗ ಕಬ್ಬಿಣದ ಕಂಬಿಗಳನ್ನು ವೆಲ್ಡಿಂಗ್ ಮಾಡಬೇಕು. ವೆಲ್ಡಿಂಗಿಗೆ ಬಹಳ ಜೋರಾದ ವಿದ್ಯುತ್ ಹರಿಯುತ್ತದೆ. ಇಂದಿನ ವಾಹನಗಳಲ್ಲಿ ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ ಇರುತ್ತದೆ. ಆ ವಿದ್ಯುತ್ ದಾರಿ ತಪ್ಪಿ ಅದರೊಳಗೆ ನುಗ್ಗಿದರೆ ಅದು ಸುಟ್ಟುಹೋಗಬಹುದು. ಆದ್ದರಿಂದ ಮೊದಲು ಬ್ಯಾಟರಿಯ ಮತ್ತು ಆ ಕಂಪ್ಯೂಟರಿನ ಸಂಪರ್ಕ ಬಿಡಿಸುತ್ತಾರೆ. ಕಿಡಿ ಹಾರಿ ಬೀಳದಂತೆ ಇಂಧನದ ಕೊಳವೆಗಳನ್ನೂ ತಂತಿಗಳನ್ನೂ ಮುಚ್ಚುತ್ತಾರೆ.

ಇಂಥ ಕಂಪ್ಯೂಟರ್ ಬಿಡಿಯಾಗಿ ಬರುವಾಗ ಅದಕ್ಕೆ ವಿಶೇಷ ಚೀಲವೇ ಬೇಕು. ಒಣ ಕೂದಲಿಗೆ ಬಾಚಣಿಗೆ ಉಜ್ಜಿದರೆ ಅದು ಕಾಗದದ ಚೂರನ್ನು ಸೆಳೆಯುತ್ತದಲ್ಲ, ಅದು ಸ್ಥಾಯೀ ವಿದ್ಯುತ್. ನಮಗೆ ಅದು ಆಟ. ಸೂಕ್ಷ್ಮ ವಿದ್ಯುನ್ಮಾನ ಭಾಗಗಳಿಗೆ ಅದೇ ಸಿಡಿಲು!

ಎಲ್ಲಕ್ಕಿಂತ ನಾಜೂಕಾದದ್ದು

ಮತ್ತೆ ನಮ್ಮ ಹೆದ್ದಾರಿಗೆ ಬರೋಣ. ರೇಡಿಯೇಟರಿಗೆ ಹೊದಿಕೆ ಇದೆ, ಕೊಳವೆಗೆ ಮುಚ್ಚಳ ಇದೆ, ದೀಪಕ್ಕೆ ಮೆತ್ತೆ ಇದೆ. ಆದರೆ ಆ ಚಾಸಿಸ್‌ನ ಮೇಲೆ ಇವೆಲ್ಲಕ್ಕಿಂತ ನಾಜೂಕಾದದ್ದು ಒಂದಿದೆ. ಅದು ಚಾಲಕನ ಜೀವ. ಬಿಸಿಲು, ಮಳೆ, ದೂಳು, ಸಿಡಿಯುವ ಕಲ್ಲು ಎಲ್ಲವೂ ಅವನ ಮುಖಕ್ಕೇ ಬರುತ್ತವೆ. ದಿನವಿಡೀ ನಡುಗುವ ಸೀಟು ಬೋಲ್ಟನ್ನು ಸಡಿಲ ಮಾಡುವಂತೆ ಅವನ ಬೆನ್ನನ್ನೂ ದಣಿಸುತ್ತದೆ. ಒಡೆದ ದೀಪವನ್ನು ಬದಲಿಸಬಹುದು. ಕಣ್ಣನ್ನು ಬದಲಿಸಲಾದೀತೆ? ಹೆಲ್ಮೆಟ್, ಕನ್ನಡಕ, ಭದ್ರವಾದ ಸೀಟು, ಬೆಲ್ಟು, ನಡುನಡುವೆ ವಿಶ್ರಾಂತಿ ಇವು ಅವನಿಗೆ ಬೇಕಾದ 'ಮೆತ್ತೆ'ಗಳು. ಬೀಳುವ ದೀಪವನ್ನು ಕಾಯುವ ವಿಜ್ಞಾನವೇ ಹೆಲ್ಮೆಟ್ಟಿನ ಒಳಗೂ ಇದೆ. ಅದರೊಳಗಿನ ಥರ್ಮೋಕೋಲ್ ಪದರ ತಾನು ನಜ್ಜುಗುಜ್ಜಾಗಿ ತಲೆಗೆ ನಿಲ್ಲಲು ಕೆಲವು ಮಿಲಿಮೀಟರ್ ಹೆಚ್ಚು ದೂರ ಕೊಡುತ್ತದೆ. ಆ ಕೆಲವು ಮಿಲಿಮೀಟರ್‌ಗಳೇ ಜೀವ ಉಳಿಸುತ್ತವೆ.

ಇನ್ನು ಮುಂದೆ ಆ ಬೋಳು ವಾಹನಗಳ ಸಾಲು ಕಂಡಾಗ ಸುರಕ್ಷಿತ ದೂರದಲ್ಲಿ ನಿಂತು ಗಮನಿಸಿ. ಯಾವ ಭಾಗವನ್ನು ಹೇಗೆ ಮುಚ್ಚಿದ್ದಾರೆ ನೋಡಿ. ಚಾಲಕನಿಗೆ ಕೈ ಬೀಸಲು ಮರೆಯಬೇಡಿ.

ಯೋಚಿಸಿ, ಉತ್ತರಿಸಿ

1. ಸಂತೆಗೆ ಟೊಮೇಟೊ, ಮಾವಿನಹಣ್ಣು ತರುವವರು ಬುಟ್ಟಿಯಲ್ಲಿ ಹುಲ್ಲು ಹಾಕುವುದೇಕೆ? ಹುಲ್ಲು ಮಾಡುವ ಎರಡು ಕೆಲಸಗಳನ್ನು ಹೇಳಿ.

2. ಒಂದು ವಸ್ತು 60 ಸೆಂಟಿಮೀಟರ್ ಎತ್ತರದಿಂದ ಬಿದ್ದು 3 ಸೆಂಟಿಮೀಟರ್ ಮೆತ್ತೆಯೊಳಗೆ ಇಳಿದು ನಿಂತಿತು. ಅದರ ಮೇಲೆ ತೂಕದ ಸುಮಾರು ಎಷ್ಟು ಪಟ್ಟು ಬಲ ಬಿತ್ತು?

3. ನಿಮ್ಮ ಶಾಲೆಯ ಪ್ರಯೋಗದ ಗಾಜಿನ ನಳಿಗೆಗಳನ್ನು ಪಕ್ಕದ ಊರಿನ ಶಾಲೆಗೆ ಸೈಕಲ್ ಮೇಲೆ ಒಯ್ಯಬೇಕು. ಹಳೆಯ ಪತ್ರಿಕೆ, ಬಟ್ಟೆ ಮತ್ತು ರಟ್ಟಿನ ಡಬ್ಬಿ ಮಾತ್ರ ಇವೆ. ಹೇಗೆ ತುಂಬುತ್ತೀರಿ? ಗೆಳೆಯರೊಡನೆ ಚರ್ಚಿಸಿ, ಮಾಡಿ, ಶಿಕ್ಷಕರಿಗೆ ತೋರಿಸಿ.